ಅಮ್ಮ ಅತಿಥಿಯಾಗಿ ಕೂತ ದಿನ

ಮೊದಲ ಮೂರು ತಿಂಗಳು ಸೆನ್ಸೇ, ಅಂದರೆ ನನ್ನ ಜಪಾನಿ ಚಹದ ಗುರು, ನನಗೆ ಚಹ ಮಾಡುವುದನ್ನು ಕಲಿಸಲೇ ಇಲ್ಲ.

ಕಲಿಸಿದ್ದು ಬಾಗಿಲು ಸರಿಸುವುದು. ಕೂರುವುದು, ಏಳುವುದು. ಹುಲ್ಲಿನ ಚಾಪೆಯ ಅಂಚಿಗೆ ಹೊಲಿದ ಪಟ್ಟಿಯನ್ನು ತುಳಿಯದೆ ದಾಟುವುದು. ಕೊಟ್ಟ ಸಿಹಿ ತಿನ್ನುವುದು. ಕೊಟ್ಟ ಬಟ್ಟಲು ಎತ್ತಿಕೊಂಡು ಕುಡಿಯುವುದು. ಅಷ್ಟೇ. ಪ್ರತಿ ಶನಿವಾರ ಮಧ್ಯಾಹ್ನ ಹೋಗಿ, ಬೇರೆಯವರು ಮಾಡಿಕೊಟ್ಟ ಚಹ ಕುಡಿದು ಬರುತ್ತಿದ್ದೆ. ಒಂದು ಶನಿವಾರ ತಡೆಯಲಾಗದೆ ಕೇಳಿಬಿಟ್ಟೆ, ನಾನು ಮಾಡುವುದು ಯಾವಾಗ ಅಂತ. ಸೆನ್ಸೇಗೆ ಎಪ್ಪತ್ತು ದಾಟಿದೆ. ಮೆಲ್ಲಗೆ ಮಾತಾಡುತ್ತಾರೆ. "ಮಾಡುವುದನ್ನು ಕೈ ತಾನೇ ಕಲಿತುಕೊಳ್ಳುತ್ತೆ. ಇನ್ನೊಬ್ಬರು ಮಾಡಿಕೊಟ್ಟಿದ್ದನ್ನು ತಗೊಳ್ಳೋದು ಹೇಗೆ ಅಂತ ಮೊದಲು ಗೊತ್ತಾಗಬೇಕು" ಅಂದರು.

ಆ ಮಾತು ಆಗ ಪೂರ್ತಿ ತಿಳಿಯಲಿಲ್ಲ. ಕಳೆದ ವರ್ಷ ಅಮ್ಮ ಊರಿನಿಂದ ಬಂದಾಗ ತಿಳಿಯಿತು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಆದರೆ ಅಮ್ಮನ ಕಥೆಗೆ ಹೋಗುವ ಮೊದಲು ಈ ಚಹದ ಬಗ್ಗೆ ಒಂದಷ್ಟು ಹೇಳಬೇಕು. ಇಲ್ಲದಿದ್ದರೆ ಆ ದಿನ ಏನಾಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ.

ನಾನಿರುವುದು ಜಪಾನಿನ ನಾಗೋಯಾದಲ್ಲಿ. ಬಂದು ಆರು ವರ್ಷವಾಯಿತು. ಕೆಲಸ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ. ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಚಹದ ಪಾಠಕ್ಕೆ ಸೇರಿದ್ದು ಭಾಷೆ ಸುಧಾರಿಸಲಿ ಅಂತ. ಆಫೀಸಿನ ಗೆಳತಿಯೊಬ್ಬಳು ಕರೆದುಕೊಂಡು ಹೋದಳು. ಅವಳು ಬಿಟ್ಟಳು, ನಾನು ಉಳಿದುಕೊಂಡೆ.

ಜಪಾನಿನವರು ಇದಕ್ಕೆ ಇಟ್ಟಿರುವ ಹೆಸರು ತುಂಬ ಸರಳ. ‘ಚಾನೋಯು’. ಅಂದರೆ ಚಹಕ್ಕೆ ಬಿಸಿನೀರು. ನೀರು ಕಾಯಿಸು, ಚಹ ಮಾಡು, ಕುಡಿ. ‘ಸಾದೋ’ ಅಂತಲೂ ಅನ್ನುತ್ತಾರೆ, ಚಹದ ದಾರಿ ಅಂತ ಅರ್ಥ. ಕನ್ನಡದಲ್ಲಿ ‘ಚಹ ಸಮಾರಂಭ’ ಅಂತ ಬರೆದಾಗ ನನಗೆ ಕಸಿವಿಸಿಯಾಗುತ್ತದೆ. ಸಮಾರಂಭ ಅಂದ ಕೂಡಲೇ ಶಾಮಿಯಾನ, ಮೈಕು, ವೇದಿಕೆ ನೆನಪಾಗುತ್ತೆ ಅಲ್ವಾ? ಇಲ್ಲಿ ಇರುವುದು ಒಂದು ಸಣ್ಣ ಕೋಣೆ, ಮೂರು ನಾಲ್ಕು ಜನ, ಕಾಯುತ್ತಿರುವ ನೀರು.

ಚಹ ಅಂದರೂ ನಮ್ಮ ಹಾಲು ಸಕ್ಕರೆಯ ಚಹ ಅಲ್ಲ. ಮಾಚ್ಚಾ. ಹಸಿರು ಪುಡಿ. ಈಗ ಬೆಂಗಳೂರಿನ ಕೆಫೆಗಳಲ್ಲೂ ಸಿಗುತ್ತದಂತೆ. ನಾಗೋಯಾದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ನಿಶಿಯೊ ಅನ್ನುವ ಊರಿದೆ. ಮಾಚ್ಚಾಕ್ಕೆ ಹೆಸರಾದ ಊರು. ಏಪ್ರಿಲ್ ಕೊನೆಗೆ ಅಲ್ಲಿಗೆ ಹೋದರೆ ತೋಟವೆಲ್ಲ ಕಪ್ಪು ಬಟ್ಟೆ ಹೊದ್ದು ನಿಂತಿರುತ್ತದೆ. ಕೊಯ್ಲಿಗೆ ಮುಂಚೆ ಇಪ್ಪತ್ತು ದಿನ, ಅದಕ್ಕೂ ಜಾಸ್ತಿ, ಗಿಡಕ್ಕೆ ಬಿಸಿಲು ಬೀಳದ ಹಾಗೆ ಮುಚ್ಚುತ್ತಾರೆ. ಬಿಸಿಲು ಸಿಗದ ಎಲೆ ಇರುವ ಬೆಳಕನ್ನೆಲ್ಲ ಹಿಡಿಯಲು ಕಡು ಹಸಿರಾಗುತ್ತದೆ. ಒಗರು ಕಡಿಮೆಯಾಗಿ, ನಾಲಿಗೆಯ ಮೇಲೆ ನಿಲ್ಲುವ ಒಂದು ಸವಿ ಜಾಸ್ತಿಯಾಗುತ್ತದೆ. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ತೊಟ್ಟು ತೆಗೆದು, ಕಲ್ಲಿನಲ್ಲಿ ಬೀಸುತ್ತಾರೆ.

ಆ ಬೀಸುವ ಕಲ್ಲನ್ನು ನೋಡಿ ನಾನು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ನಮ್ಮ ಮನೆಯ ಬೀಸುಕಲ್ಲಿನ ಹಾಗೆಯೇ. ಮೇಲೊಂದು ಕಲ್ಲು, ಕೆಳಗೊಂದು ಕಲ್ಲು, ನಡುವೆ ಕೊರೆದ ಗೀರು. ಈಗ ಮೋಟಾರ್ ತಿರುಗಿಸುತ್ತದೆ. ಆದರೆ ವೇಗ ಮಾತ್ರ ಕೈಯದ್ದೇ. ಜೋರಾಗಿ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪುಡಿಯ ಪರಿಮಳ ಹೋಗಿಬಿಡುತ್ತದೆ. ಹಾಗಾಗಿ ಒಂದು ಕಲ್ಲು ಒಂದು ಗಂಟೆ ತಿರುಗಿದರೆ ಸಿಗುವುದು ಸುಮಾರು 40 ಗ್ರಾಂ. ಕಲ್ಲಿನ ಅಂಚಿನಿಂದ ಹಸಿರು ಧೂಳು ಉದುರುವುದೂ ಕಾಣದ ಹಾಗೆ ಉದುರುತ್ತಿತ್ತು. ಬೆರಳಲ್ಲಿ ಮುಟ್ಟಿದೆ. ಹಿಟ್ಟಿನ ಹಾಗೆ ತರಿ ಹತ್ತಲಿಲ್ಲ, ಬೆರಳ ಗೆರೆಗಳ ಒಳಗೇ ಇಳಿದುಬಿಟ್ಟಿತು.

ಜಪಾನಿಗೆ ಚಹ ಬಂದಿದ್ದು ಚೀನಾದಿಂದ, ಬೌದ್ಧ ಸನ್ಯಾಸಿಗಳ ಜೊತೆ. ಒಂಬತ್ತನೇ ಶತಮಾನದಲ್ಲೇ ಒಮ್ಮೆ ಬಂದಿತ್ತು, ಆದರೆ ಅಷ್ಟಾಗಿ ಬೇರೂರಲಿಲ್ಲ. 1191ರಲ್ಲಿ ಎಯ್‌ಸಾಯ್ ಅನ್ನುವ ಸನ್ಯಾಸಿ ಚೀನಾದಿಂದ ವಾಪಸು ಬರುವಾಗ ಚಹದ ಬೀಜವನ್ನೂ, ಪುಡಿಯನ್ನು ಬಿಸಿನೀರಲ್ಲಿ ಕಡೆದು ಕುಡಿಯುವ ರೂಢಿಯನ್ನೂ ತಂದ. ಜೊತೆಗೆ ಝೆನ್ ಪಂಥವನ್ನೂ ತಂದ. ಝೆನ್ ಅನ್ನುವ ಶಬ್ದ ನಮ್ಮ ‘ಧ್ಯಾನ’ವೇ. ಚೀನಾದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆಯಿತು. ಕೂತು ಧ್ಯಾನ ಮಾಡುವಾಗ ನಿದ್ದೆ ಬರದಿರಲಿ ಅಂತ ಮಠಗಳಲ್ಲಿ ಚಹ ಕುಡಿಯುತ್ತಿದ್ದರು. 1214ರಲ್ಲಿ, ರಾತ್ರಿ ಕುಡಿದದ್ದು ಜಾಸ್ತಿಯಾಗಿ ಬೆಳಗ್ಗೆ ಏಳಲಾಗದ ಶೋಗುನ್ (ದೇಶದ ಸೇನಾಧಿಪತಿ) ಸಾನೆತೊಮೊಗೆ ಎಯ್‌ಸಾಯ್ ಔಷಧಿ ಅಂತ ಕೊಟ್ಟಿದ್ದೂ ಚಹವನ್ನೇ.

ಆಮೇಲೆ ಚಹ ದೊಡ್ಡವರ ಮನೆ ಸೇರಿತು. ಚೀನಾದ ದುಬಾರಿ ಪಾತ್ರೆಗಳನ್ನು ಜೋಡಿಸಿಟ್ಟು ಮೆರೆಯುವ ಕೂಟವಾಯಿತು. ಅದನ್ನು ಅಲ್ಲಿಂದ ಇಳಿಸಿ ಸಣ್ಣ ಕೋಣೆಗೆ, ಮಣ್ಣಿನ ಬಟ್ಟಲಿಗೆ ತಂದವರು ಮೂವರು. ಹದಿನೈದನೇ ಶತಮಾನದ ಮುರಾತ ಜುಕೋ, ಅವನ ನಂತರ ತಾಕೆನೊ ಜೋಓ, ಅವನ ಶಿಷ್ಯ ಸೆನ್ ನೊ ರಿಕ್ಯೂ. ಇವತ್ತು ಯಾರೇ ಚಹ ಕಲಿಯಲಿ, ಮಾತು ರಿಕ್ಯೂವಿನ ಹತ್ತಿರ ಬಂದು ನಿಲ್ಲುತ್ತದೆ.

ರಿಕ್ಯೂ ಹುಟ್ಟಿದ್ದು 1522ರಲ್ಲಿ, ಒಸಾಕಾ ಹತ್ತಿರದ ಸಕಾಯಿ ಬಂದರಿನ ವ್ಯಾಪಾರಿ ಮನೆಯಲ್ಲಿ. ದೇಶ ತುಂಬ ಯುದ್ಧ ನಡೆಯುತ್ತಿದ್ದ ಕಾಲ. ದೇಶವನ್ನು ಒಂದುಗೂಡಿಸಲು ಹೊರಟ ಸೇನಾನಾಯಕ ಓದಾ ನೊಬುನಾಗನಿಗೆ, ಅವನು ಸತ್ತ ಮೇಲೆ ತೊಯೊತೊಮಿ ಹಿದೆಯೋಶಿಗೆ ರಿಕ್ಯೂ ಚಹದ ಗುರು. ಕ್ಯೋತೊ ಪಕ್ಕದ ಯಾಮಜಾಕಿಯಲ್ಲಿ ‘ತಾಯ್-ಆನ್’ ಅನ್ನುವ ಕೋಣೆ ಇದೆ. ರಿಕ್ಯೂ ಕಟ್ಟಿಸಿದ ಕೋಣೆಗಳಲ್ಲಿ ಇವತ್ತಿಗೂ ಉಳಿದಿರುವುದು ಅದೊಂದೇ ಎನ್ನುತ್ತಾರೆ. ಜಪಾನಿನ ರಾಷ್ಟ್ರೀಯ ನಿಧಿ. ಒಳಗೆ ಕೂರಲು ಇರುವ ಜಾಗ ಎರಡು ಚಾಪೆ. ಮಣ್ಣಿನ ಗೋಡೆ. ಗೋಡೆಗೆ ಸೇರಿಸಿದ ಒಣಹುಲ್ಲಿನ ಚೂರುಗಳು ಹಾಗೆಯೇ ಕಾಣುತ್ತವೆ. ದೇಶವನ್ನೇ ಆಳುವ ಹಿದೆಯೋಶಿ ಕೂತು ಚಹ ಕುಡಿದದ್ದು ಇಂಥ ಕೋಣೆಯಲ್ಲಿ.

ಇಂಥ ಕೋಣೆಗಳ ಬಾಗಿಲು ಸಾಮಾನ್ಯವಾಗಿ 66 ಸೆಂಟಿಮೀಟರ್‌ನಷ್ಟು ಎತ್ತರ. ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಬಗ್ಗಿ, ಮಂಡಿ ಮೇಲೆ ತೆವಳಿಕೊಂಡೇ ಒಳಗೆ ಹೋಗಬೇಕು. ಸೊಂಟದಲ್ಲಿ ಕತ್ತಿ ಇದ್ದರೆ ಆಗುವುದಿಲ್ಲ. ಕತ್ತಿ ಇಡಲು ಹೊರಗಡೆ ಮಾಡಿನ ಕೆಳಗೆ ಒಂದು ಗೂಡು ಇರುತ್ತದೆ. ಸೇನಾಪತಿಯಾಗಲಿ, ವ್ಯಾಪಾರಿಯಾಗಲಿ, ಒಳಗೆ ಬಂದ ಮೇಲೆ ಇಬ್ಬರೂ ಮಂಡಿ ತಾಗಿಸಿ ಕೂರಬೇಕು. ನಾನು ಮೊದಲ ಸಲ ಇಂಥ ಬಾಗಿಲಲ್ಲಿ ತೂರಿದಾಗ ನೆನಪಾದದ್ದು ನಮ್ಮ ಕಡೆಯ ಹಳೇ ಮನೆಗಳ ದೇವರ ಕೋಣೆ. ಅದರ ಬಾಗಿಲೂ ತಗ್ಗು. ತಲೆ ಬಗ್ಗಿಸದೆ ಒಳಗೆ ಹೋಗಲು ಬರುವುದಿಲ್ಲ.

ಅದೇ ಹಿದೆಯೋಶಿ ಇನ್ನೊಂದು ಕಡೆ ಚಿನ್ನದ ಚಹ ಕೋಣೆಯನ್ನೂ ಮಾಡಿಸಿದ್ದ. ಗೋಡೆ, ಕಂಬ, ಪಾತ್ರೆ ಎಲ್ಲ ಬಂಗಾರ. ಬಿಚ್ಚಿ ಕಟ್ಟಿ ಬೇಕಾದಲ್ಲಿಗೆ ಹೊತ್ತುಕೊಂಡು ಹೋಗಬಹುದಿತ್ತು. 1587ರಲ್ಲಿ ಕ್ಯೋತೊದ ಕಿತಾನೊ ದೇವಸ್ಥಾನದ ಬಯಲಿನಲ್ಲಿ ದೊಡ್ಡ ಚಹ ಕೂಟ ನಡೆಸಿದ. ಯಾರು ಬೇಕಾದರೂ ಬರಬಹುದು ಅಂತ ಡಂಗುರ ಸಾರಿಸಿದ. ಒಂದು ಪಾತ್ರೆ, ಒಂದು ಬಟ್ಟಲು ತಂದರೆ ಸಾಕು. ಚಹ ಇಲ್ಲದವರು ಹುರಿಹಿಟ್ಟು ತಂದರೂ ನಡೆಯುತ್ತೆ ಅಂತ ಅದರಲ್ಲಿತ್ತು. ನನಗೆ ಈ ಸಾಲು ಬಹಳ ಇಷ್ಟ. ಹತ್ತು ದಿನ ನಡೆಯಬೇಕಿದ್ದ ಕೂಟ ಒಂದೇ ದಿನಕ್ಕೆ ನಿಂತುಹೋಯಿತು. ಆದರೂ ಆ ಒಂದು ದಿನ ಬಯಲಿನಲ್ಲಿ ಚಾಪೆ ಹಾಸಿ ಕೂತವರಲ್ಲಿ ರೈತರು ಇದ್ದರು, ಸಣ್ಣಪುಟ್ಟ ವ್ಯಾಪಾರಿಗಳು ಇದ್ದರು.

ನಾಲ್ಕು ವರ್ಷದ ನಂತರ, 1591ರಲ್ಲಿ, ಹಿದೆಯೋಶಿ ರಿಕ್ಯೂವಿಗೆ ಹೊಟ್ಟೆ ಸೀಳಿಕೊಂಡು ಸಾಯಲು ಆಜ್ಞೆ ಮಾಡಿದ. ದಾಯ್‌ತೊಕುಜಿ ಮಠದ ಹೆಬ್ಬಾಗಿಲ ಮಹಡಿಯಲ್ಲಿ ರಿಕ್ಯೂವಿನ ಮರದ ಪ್ರತಿಮೆ ಇಟ್ಟಿದ್ದರು. ಅದರ ಕೆಳಗೆ ಹಿದೆಯೋಶಿ ನಡೆದು ಹೋಗಬೇಕಾಯಿತು ಅನ್ನುವುದು ಹೊರಿಸಿದ ಅಪರಾಧಗಳಲ್ಲಿ ಒಂದು. ಸಾಯುವ ಮುಂಚೆ ರಿಕ್ಯೂ ತನ್ನ ಕೈಯಾರೆ ಬಿದಿರು ಕೆತ್ತಿ ಪುಡಿ ತೆಗೆಯುವ ಚಮಚವೊಂದನ್ನು ಮಾಡಿದ. ಅದನ್ನು ಶಿಷ್ಯ ಫುರುತ ಒರಿಬೆಗೆ ಕೊಟ್ಟ. ಒರಿಬೆ ಆ ಚಮಚಕ್ಕೆ ಬಿದಿರಿನ ಗೂಡು ಮಾಡಿ, ಅದಕ್ಕೊಂದು ಸಣ್ಣ ಕಿಟಕಿ ಕೊರೆದು, ಹಿರಿಯರ ಹೆಸರಿನ ಫಲಕಕ್ಕೆ ಮಾಡುವ ಹಾಗೆ ಅದಕ್ಕೇ ಪೂಜೆ ಮಾಡುತ್ತಿದ್ದನಂತೆ. ಆ ಚಮಚಕ್ಕೆ ‘ನಾಮಿದ’ ಅಂತ ಹೆಸರು. ಕಣ್ಣೀರು. ಈಗ ಅದು ಇರುವುದು ನಮ್ಮ ನಾಗೋಯಾದ ತೊಕುಗಾವ ಮ್ಯೂಸಿಯಂನಲ್ಲಿ. ಒಂದು ಗೇಣಿನಷ್ಟೂ ಇಲ್ಲದ ಬಿದಿರಿನ ಕಡ್ಡಿ. ತುದಿ ಸ್ವಲ್ಪ ಬಾಗಿದೆ. 1615ರಲ್ಲಿ ಒರಿಬೆಯೂ ಹೀಗೆಯೇ ಆಜ್ಞೆಯಾಗಿ ಸತ್ತ. ಗುರುವಿನ ಚಮಚ ಮಾತ್ರ ಉಳಿಯಿತು.

ಇನ್ನು ಕೋಣೆಯೊಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಮೊದಲು ಸಿಹಿ ಬರುತ್ತದೆ. ಅದನ್ನು ಪೂರ್ತಿ ತಿಂದು ಮುಗಿಸಬೇಕು. ಚಹಕ್ಕೆ ಸಕ್ಕರೆ ಇಲ್ಲ, ಬಾಯಲ್ಲಿ ಉಳಿದ ಸಿಹಿಯೇ ಅದರ ಸಕ್ಕರೆ. ಚಹ ಮಾಡುವವರು ಒಂದೊಂದೇ ಸಾಮಾನು ತಂದು ಇಡುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ ರೇಷ್ಮೆ ಬಟ್ಟೆ ತೆಗೆದು, ಮಡಿಚಿ, ಪುಡಿಯ ಡಬ್ಬಿ ಒರೆಸುತ್ತಾರೆ. ಚಮಚ ಒರೆಸುತ್ತಾರೆ. ಬಿದಿರಿನ ಸೌಟಿನಲ್ಲಿ ಬಿಸಿನೀರು ತೆಗೆದು ಬಟ್ಟಲಿಗೆ ಹಾಕಿ, ಕಡೆಯುವ ಬಿದಿರಿನ ಕುಂಚವನ್ನು ಅದರಲ್ಲಿ ಅದ್ದಿ ಎತ್ತಿ ನೋಡುತ್ತಾರೆ, ಎಳೆ ಮುರಿದಿದೆಯಾ ಅಂತ. ಆ ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಬಟ್ಟಲು ಒರೆಸುತ್ತಾರೆ. ಇದೆಲ್ಲ ಒಳಗೆ ತೊಳೆದು ಶುಚಿ ಮಾಡಿಯೇ ತಂದಿರುವ ಸಾಮಾನು. ಆದರೂ ಅತಿಥಿಯ ಕಣ್ಣೆದುರು ಮತ್ತೊಮ್ಮೆ ಒರೆಸುತ್ತಾರೆ. ಆಮೇಲೆ ಪುಡಿ, ನೀರು. ಕುಂಚ ಸರಸರ ಓಡುವ ಸದ್ದು. ಕೆಲವು ಶಾಲೆಗಳಲ್ಲಿ ನೊರೆ ಬಟ್ಟಲು ತುಂಬ ಬರಬೇಕು. ಕೆಲವು ಕಡೆ ನೊರೆ ಕಡಿಮೆ, ಅಲ್ಲಲ್ಲಿ ಹಸಿರು ನೀರು ಕಾಣಬೇಕು. ರಿಕ್ಯೂವಿನ ಮರಿಮೊಮ್ಮಕ್ಕಳ ಕಾಲದಲ್ಲಿ ಮೂರಾಗಿ ಒಡೆದ ಮನೆತನಗಳು ಇವತ್ತಿಗೂ ಮೂರು ಶಾಲೆಯಾಗಿ ನಡೆಯುತ್ತಿವೆ. ಒಂದೊಂದರದ್ದೂ ಒಂದೊಂದು ಪದ್ಧತಿ.

ಆ ಕುಂಚದ ಬಗ್ಗೆ ಒಂದು ಮಾತು. ನಾರಾ ಹತ್ತಿರದ ತಾಕಾಯಾಮ ಅನ್ನುವ ಹಳ್ಳಿಯಲ್ಲಿ ಸುಮಾರು ಐನೂರು ವರ್ಷದಿಂದ ಅದನ್ನು ಮಾಡುತ್ತಿದ್ದಾರೆ. ಒಂದೇ ಒಂದು ಬಿದಿರಿನ ತುಂಡು. ಅದರ ತುದಿಯನ್ನು ಸೀಳುತ್ತಾ ಸೀಳುತ್ತಾ ನೂರರ ಆಸುಪಾಸು ಎಳೆ ಮಾಡುತ್ತಾರೆ. ಪ್ರತಿ ಎಳೆಯನ್ನೂ ತುದಿಗೆ ಹೋದ ಹಾಗೆ ತೆಳುವಾಗಿ ಕೆತ್ತಿ, ಒಳಮುಖವಾಗಿ ಬಾಗಿಸುತ್ತಾರೆ. ಅಂಟು ಇಲ್ಲ, ಮೊಳೆ ಇಲ್ಲ. ಹಿಡಿಕೆಯೂ ಎಳೆಯೂ ಅದೇ ಬಿದಿರು. ದಿನಾ ಬಳಸಿದರೆ ಕೆಲವು ತಿಂಗಳಲ್ಲಿ ಎಳೆಗಳು ಮುರಿಯಲು ಶುರುವಾಗುತ್ತವೆ. ಹಳೇ ಕುಂಚಗಳನ್ನು ಸೆನ್ಸೇ ಎಸೆಯುವುದಿಲ್ಲ. ಎಲ್ಲ ಸೇರಿಸಿಟ್ಟು, ವರ್ಷಕ್ಕೊಮ್ಮೆ ದೇವಸ್ಥಾನಕ್ಕೆ ಕೊಟ್ಟು ಬರುತ್ತಾರೆ. ಅಲ್ಲಿ ಮಂತ್ರ ಹೇಳಿ ಬೆಂಕಿಗೆ ಹಾಕುತ್ತಾರೆ.

ಈಗ ಅತಿಥಿಯ ಪಾಲಿನ ಕೆಲಸ. ಬಟ್ಟಲು ಮುಂದೆ ಬಂದಾಗ ತಟ್ಟನೆ ಎತ್ತಿ ಕುಡಿಯಬಾರದು. ಮೊದಲು ಅದನ್ನು ತನಗೂ ಪಕ್ಕದಲ್ಲಿ ಕೂತವರಿಗೂ ನಡುವೆ ಇಡಬೇಕು. ಅವರ ಕಡೆ ತಲೆ ಬಗ್ಗಿಸಿ ‘ಓಸಾಕಿ ನಿ’ ಅನ್ನಬೇಕು. ನಿಮಗಿಂತ ಮೊದಲು ತಗೋತೀನಿ ಅಂತ. ಆಮೇಲೆ ತನ್ನ ಮುಂದೆ ಇಟ್ಟುಕೊಂಡು, ಮಾಡಿಕೊಟ್ಟವರಿಗೆ ಬಗ್ಗಿ, ನೀವು ಮಾಡಿದ ಚಹವನ್ನು ಸ್ವೀಕರಿಸುತ್ತೇನೆ ಅನ್ನಬೇಕು. ಎಡಗೈ ಮೇಲೆ ಬಟ್ಟಲು ಇಟ್ಟು, ಬಲಗೈ ಆಸರೆ ಕೊಟ್ಟು, ನಾವು ಪ್ರಸಾದ ಕಣ್ಣಿಗೆ ಒತ್ತಿಕೊಳ್ಳುವ ಮುಂಚೆ ಎತ್ತುವ ಹಾಗೆ ಸ್ವಲ್ಪ ಮೇಲೆತ್ತಬೇಕು. ಬಟ್ಟಲಿನ ಚೆಂದದ ಮುಖ ಅತಿಥಿಯ ಕಡೆ ಬರುವ ಹಾಗೆ ಅವರು ಇಟ್ಟಿರುತ್ತಾರೆ. ಆ ಮುಖಕ್ಕೆ ಬಾಯಿ ತಾಗಬಾರದು ಅಂತ ಎರಡು ಸಲ ತಿರುಗಿಸಿಕೊಳ್ಳಬೇಕು. ಕುಡಿದು, ಕೊನೆಯ ಗುಟುಕನ್ನು ಸದ್ದು ಬರುವ ಹಾಗೆ ಹೀರಿ, ತುಟಿ ತಾಗಿದ ಜಾಗ ಬೆರಳಲ್ಲಿ ಒರೆಸಿ, ಮತ್ತೆ ಮುಖ ತಿರುಗಿಸಿ, ಕೆಳಗಿಟ್ಟು ಬಟ್ಟಲನ್ನು ನೋಡಬೇಕು. ಸುಮ್ನೆ ನೋಡುವುದು. ಯಾರ ಕೈ ಮಾಡಿದ್ದು, ಎಲ್ಲಿ ಬಣ್ಣ ಹರಿದಿದೆ, ತಳದಲ್ಲಿ ಮಣ್ಣು ಹೇಗಿದೆ ಅಂತ.

ನನಗೆ ಇದರಲ್ಲಿ ಬಹಳ ಕಷ್ಟವಾದದ್ದು ಕಾಲು ಜೋಮು ಹಿಡಿಯುವುದಲ್ಲ. ಕಾಲು ಒಂದು ವರ್ಷದಲ್ಲಿ ಒಗ್ಗಿಕೊಂಡಿತು. ಕಷ್ಟವಾದದ್ದು ಸುಮ್ಮನೆ ಕೂತು ಮಾಡಿಸಿಕೊಳ್ಳುವುದು. ನನಗಿಂತ ನಲವತ್ತು ವರ್ಷ ದೊಡ್ಡವರು ನನ್ನ ಬಟ್ಟಲು ಒರೆಸುತ್ತಿದ್ದಾರೆ, ನಾನು ಕೂತಿದ್ದೇನೆ. ನಮ್ಮಲ್ಲಿ ಹೀಗೆ ಕೂರುವ ರೂಢಿ ಎಲ್ಲಿದೆ? ಯಾರ ಮನೆಗೆ ಹೋದರೂ ಮೊದಲ ಮಾತು "ಏನೂ ಬೇಡ, ಈಗ ತಾನೇ ಆಯ್ತು". ಅವರು "ಸ್ವಲ್ಪ ತಗೊಳ್ಳಿ", ನಾವು "ಸುಮ್ನೆ ಯಾಕೆ ತೊಂದರೆ". ಈ ಮಾತಿನಲ್ಲಿ ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದರೆ ಆ ಗಡಿಬಿಡಿಯಲ್ಲಿ ಮುಂದೆ ಬಂದ ಲೋಟವನ್ನು ನಾವು ಸರಿಯಾಗಿ ನೋಡಿಯೇ ಇರುವುದಿಲ್ಲ. ಮಾಡಿದವರು ಅಡುಗೆಮನೆಯಲ್ಲಿ ನಿಂತಿರುತ್ತಾರೆ. ಅವರ ಕೈಯನ್ನು ನೋಡುವುದಂತೂ ಇಲ್ಲವೇ ಇಲ್ಲ.

ಈ ಚಹದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಖರ್ಚು ಜಾಸ್ತಿ. ಒಂದೊಂದು ಹಂತ ದಾಟಲು ಶಾಲೆಯ ಮುಖ್ಯ ಮನೆಯಿಂದ ಪತ್ರ ಪಡೆಯಬೇಕು, ಅದಕ್ಕೆ ಹಣ ಕಟ್ಟಬೇಕು. ಕಿಮೊನೊ, ಕಾಣಿಕೆ ಅಂತ ಲೆಕ್ಕ ಬೆಳೆಯುತ್ತಾ ಹೋಗುತ್ತದೆ. ಸರಳವಾಗಿರು ಅಂತ ಕಲಿಸಿದ ರಿಕ್ಯೂವಿನ ಹೆಸರಿನಲ್ಲಿ ಒಂದು ಮಣ್ಣಿನ ಬಟ್ಟಲು ಕಾರಿನ ಬೆಲೆಗೆ ಮಾರಾಟವಾಗುವುದನ್ನು ನೋಡಿದರೆ ಬೇಜಾರಾಗುತ್ತದೆ. ಹಿಂದೆ ಬಹುಪಾಲು ಗಂಡಸರದ್ದೇ ಆಗಿದ್ದ ಈ ವಿದ್ಯೆ ಮೇಜಿ ಕಾಲದಲ್ಲಿ (1868–1912) ಹುಡುಗಿಯರ ಶಾಲೆಗಳ ಪಾಠವಾಯಿತು. ಇವತ್ತು ಕಲಿಯುವವರಲ್ಲಿ ಹೆಂಗಸರೇ ಜಾಸ್ತಿ. ನಮ್ಮ ತರಗತಿಯಲ್ಲೂ ಹಾಗೆಯೇ. ಎಲ್ಲರಿಗೂ ವಯಸ್ಸಾಗಿದೆ. ನಾನೇ ಚಿಕ್ಕವಳು.

ಕಳೆದ ನವೆಂಬರ್‌ನಲ್ಲಿ ಅಮ್ಮ ಬಂದಳು. ಮೊದಲ ವಿಮಾನ ಪ್ರಯಾಣ. ಬಂದ ಎರಡನೇ ದಿನಕ್ಕೇ ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿದ್ದವು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಕಾಫಿ ಆಗಿರುತ್ತಿತ್ತು, ಪಾತ್ರೆ ತೊಳೆದಿರುತ್ತಿತ್ತು. "ಅಮ್ಮ, ಸ್ವಲ್ಪ ಕೂತ್ಕೋ" ಅಂದರೆ "ಕೂತು ಏನು ಮಾಡ್ಲಿ ಮಾರಾಯ್ತಿ" ಅನ್ನುತ್ತಿದ್ದಳು.

ನವೆಂಬರ್ ಅಂದರೆ ಚಹದವರಿಗೆ ಹೊಸ ವರ್ಷ ಇದ್ದ ಹಾಗೆ. ಬೇಸಿಗೆಯಲ್ಲಿ ಒಲೆಯನ್ನು ಚಾಪೆಯ ಮೇಲೆ, ಅತಿಥಿಯಿಂದ ದೂರ ಇಡುತ್ತಾರೆ. ನವೆಂಬರ್‌ಗೆ ನೆಲದ ಚಾಪೆ ಕತ್ತರಿಸಿದ ಜಾಗದಲ್ಲಿ 42 ಸೆಂಟಿಮೀಟರ್ ಚೌಕದ ಒಲೆ ತೆರೆಯುತ್ತಾರೆ. ಚಳಿಗೆ ಬೆಂಕಿ ಅತಿಥಿಯ ಹತ್ತಿರ ಬರಲಿ ಅಂತ. ಮೇ ತಿಂಗಳಲ್ಲಿ ಕೊಯ್ದು ಜಾಡಿಯಲ್ಲಿಟ್ಟ ಹೊಸ ಚಹವನ್ನು ತೆಗೆಯುವುದೂ ಈಗಲೇ. ಅಮ್ಮ ಬಂದಿದ್ದಾಳೆ ಅಂತ ಹೇಳಿದ್ದಕ್ಕೆ ಸೆನ್ಸೇ, ಒಲೆ ತೆರೆಯುವ ದಿನಕ್ಕೇ ಕರೆದುಕೊಂಡು ಬಾ ಅಂದರು. ಅಷ್ಟೇ ಅಲ್ಲ, ನಿನ್ನ ಅಮ್ಮ ಮೊದಲ ಅತಿಥಿ ಅಂದರು. ಮೊದಲ ಅತಿಥಿ ಅಂದರೆ ಎಲ್ಲರ ಪರವಾಗಿ ಮಾತಾಡುವ, ಎಲ್ಲ ಮೊದಲು ಪಡೆಯುವ ಜಾಗ. ಅನುಭವ ಇದ್ದವರು ಕೂರುವ ಜಾಗ. ನಾನು ಗಾಬರಿಯಾಗಿ ಬೇಡ ಅಂದೆ. ಅವರು ಕೇಳಲಿಲ್ಲ.

ಮೆಟ್ರೋದಲ್ಲಿ ಹೋಗುವಾಗ ಅಮ್ಮನಿಗೆ ‘ಓಸಾಕಿ ನಿ’ ಹೇಳಿಕೊಟ್ಟೆ. ಅರ್ಥವನ್ನೂ ಹೇಳಿದೆ. ಅಮ್ಮ ಮುಖ ಗಂಟಿಕ್ಕಿದಳು. "ನಿನಗಿಂತ ಮೊದಲು ನಾನು ಕುಡಿಯೋದಾ? ನಿನಗೆ ಕೊಟ್ಟು ಆಮೇಲೆ ಕುಡೀತೀನಿ ಅಂತ ಹೇಳೋಕೆ ಏನನ್ನಬೇಕು, ಅದನ್ನ ಹೇಳ್ಕೊಡು" ಅಂದಳು. ಹಾಗೆ ಹೇಳುವ ಜಾಗ ಅಲ್ಲಿಲ್ಲ ಅಮ್ಮ ಅಂದೆ. ಅಮ್ಮ ಕಿಟಕಿ ಕಡೆ ತಿರುಗಿ ಕೂತಳು.

ಮನೆ ತುಂಬಿದ ಕುಟುಂಬದಲ್ಲಿ ಸೊಸೆಯಾಗಿ ಬಂದವಳು ಅಮ್ಮ. ಗಂಡಸರದ್ದಾಗಿ, ಮಕ್ಕಳದ್ದಾಗಿ, ಅಜ್ಜಿಯದ್ದಾಗಿ, ಕೆಲಸದವರಿಗೆ ಬಡಿಸಿ, ಆಮೇಲೆ ಅವಳ ಊಟ. ಅವಳು ಮೊದಲ ಪಂಕ್ತಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಮದುವೆ ಮನೆಗಳಲ್ಲೂ ಬಡಿಸುವವರ ಸಾಲಿನಲ್ಲೇ ಇರುತ್ತಿದ್ದಳು.

ಸೆನ್ಸೇ ಮನೆಯಲ್ಲಿ ಅಮ್ಮನ ಮಂಡಿಗಾಗಿ ಒಂದು ಸಣ್ಣ ಮಣೆ ಇಟ್ಟಿದ್ದರು. ಮಾಮೂಲಿ ದಿನಗಳಲ್ಲಿ ಕರೆಂಟಿನ ಒಲೆ ಬಳಸುತ್ತೇವೆ. ಅವತ್ತು ನಿಜವಾದ ಇದ್ದಿಲು. ಅಮ್ಮ ತನ್ನ ಇಳಕಲ್ ಸೀರೆ ಉಟ್ಟು, ಬಿಳಿ ಕಾಲುಚೀಲ ಹಾಕಿಕೊಂಡು, ಗೋಡೆಗೆ ತೂಗಿದ ಬರಹದ ಮುಂದೆ ಕೂತಳು. ಪಕ್ಕ ನಾನು. ಆಮೇಲೆ ಇನ್ನಿಬ್ಬರು ಹಿರಿಯ ಹೆಂಗಸರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೀರು ಕಾದು ಸಣ್ಣಗೆ ಸದ್ದು ಮಾಡತೊಡಗಿತು. ಪಾತ್ರೆಯ ತಳಕ್ಕೆ ಒಳಗಿನಿಂದ ಕಬ್ಬಿಣದ ಚೂರುಗಳನ್ನು ಅಂಟಿಸಿರುತ್ತಾರೆ, ಆ ಸದ್ದಿಗಾಗಿಯೇ. ಜಪಾನಿನವರು ಅದಕ್ಕೆ ಪೈನ್ ಮರದ ಗಾಳಿ ಅನ್ನುತ್ತಾರೆ. ಅಮ್ಮ ನನ್ನ ಕಡೆ ಬಗ್ಗಿ ಮೆಲ್ಲಗೆ "ಬಚ್ಚಲ ಹಂಡೆ ಹಾಡ್ತಿದೆ" ಅಂದಳು. ನಮ್ಮ ಮನೆಯ ತಾಮ್ರದ ಹಂಡೆ, ಬೆಳಗಿನ ಜಾವ ನೀರು ಕಾಯುವಾಗ ಹೀಗೇ ಗುಂಯ್‌ಗುಟ್ಟುತ್ತದೆ. ನಾಲ್ಕು ವರ್ಷ ಆ ಕೋಣೆಯಲ್ಲಿ ಕೂತ ನನಗೆ ಅದು ಹೊಳೆದಿರಲಿಲ್ಲ.

ಸಿಹಿ ಬಂತು. ಅಕ್ಕಿ ಹಿಟ್ಟಿನ ಉಂಡೆ, ಒಳಗೆ ಕೆಂಪು ಕಾಳಿನ ಹೂರಣ. ಮೊದಲು ಇದು, ಆಮೇಲೆ ಚಹ ಅಂದೆ. "ಗೊತ್ತಾಯ್ತು. ಬೆಲ್ಲ ಕೊಟ್ಟು ನೀರು ಕೊಟ್ಟ ಹಾಗೆ" ಅಂದಳು. ಬಿಸಿಲಲ್ಲಿ ನಡೆದು ಬಂದವರಿಗೆ ಬೆಲ್ಲ, ನೀರು ಕೊಡುವುದು ಅವಳಿಗೆ ಯಾರೂ ವಿವರಿಸಬೇಕಾದ ಸಂಗತಿಯಲ್ಲ.

ಸೆನ್ಸೇ ಡಬ್ಬಿ ಒರೆಸಿದರು. ಚಮಚ ಒರೆಸಿದರು. ಬಟ್ಟಲಿಗೆ ಬಿಸಿನೀರು ಹಾಕಿ ತೊಳೆದು, ಒರೆಸಲು ಬಟ್ಟೆ ತೆಗೆದಾಗ ಅಮ್ಮನ ಕೈ ಮುಂದೆ ಹೋಯಿತು. ತಾನೇ ಒರೆಸಿಕೊಡುವ ಹಾಗೆ. ಏಳಲು ನೋಡಿದಳು. ನಾನು ಸೀರೆಯ ಅಂಚು ಹಿಡಿದೆ. "ಅವರೊಬ್ಬರೇ ಮಾಡ್ತಿದಾರಲ್ಲೇ, ವಯಸ್ಸಾದವರು" ಅಂದಳು. ಸೆನ್ಸೇಗೆ ಕನ್ನಡ ಬಾರದು. ಆದರೂ ಏನಾಯಿತು ಅಂತ ಗೊತ್ತಾಗಿರಬೇಕು. ಕೈ ನಿಲ್ಲಿಸಿ, ಅಮ್ಮನ ಕಡೆ ನೋಡಿ, ಅಂಗೈ ತೋರಿಸಿ ಕೂರಲು ಹೇಳಿದರು. ನಕ್ಕರು. ಮತ್ತೆ ಬಟ್ಟಲು ಒರೆಸತೊಡಗಿದರು, ಮೊದಲಿಗಿಂತ ನಿಧಾನವಾಗಿ.

ಅಮ್ಮ ಕೂತಳು. ಕೈ ಎರಡನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ನಾನು ಆ ಕೈಗಳನ್ನೇ ನೋಡುತ್ತಿದ್ದೆ. ಅವು ಹಾಗೆ ಸುಮ್ಮನಿದ್ದದ್ದನ್ನು ಅವತ್ತಿಗೆ ಮುಂಚೆ ನೋಡಿದ ನೆನಪಿಲ್ಲ.

ಬಟ್ಟಲು ಬಂತು. ಕಪ್ಪು ರಾಕು ಬಟ್ಟಲು. ತಿಗರಿ ಇಲ್ಲದೆ ಕೈಯಲ್ಲೇ ಒತ್ತಿ ಮಾಡುವಂಥದ್ದು. ರಿಕ್ಯೂ ಹೇಳಿ ಚೋಜಿರೊ ಅನ್ನುವ ಕುಶಲಕರ್ಮಿ ಶುರು ಮಾಡಿದ ಬಗೆ ಅದು. ಕಪ್ಪಿನ ಒಳಗೆ ಹಸಿರು ಎದ್ದು ಕಾಣುತ್ತಿತ್ತು. ಅಮ್ಮ ಬಟ್ಟಲನ್ನು ನಮ್ಮಿಬ್ಬರ ನಡುವೆ ಇಟ್ಟಳು. ನನ್ನ ಕಡೆ ತಿರುಗಿದಳು. ತುಂಬ ಹೊತ್ತು ಬಟ್ಟಲನ್ನೇ ನೋಡಿದಳು. ಆಮೇಲೆ ತಲೆ ಬಗ್ಗಿಸಿ ‘ಓಸಾಕಿ ನಿ’ ಅಂದಳು. ದನಿ ಸ್ವಲ್ಪ ನಡುಗುತ್ತಿತ್ತು. ನಾನು ಬಗ್ಗಿದೆ. ಏಳುವುದು ತಡವಾಯಿತು, ಕಣ್ಣು ಒದ್ದೆಯಾಗಿತ್ತು.

ಅಮ್ಮ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದಳು. ತಿರುಗಿಸುವುದು ಮರೆತಳು, ಯಾರೂ ಏನೂ ಅನ್ನಲಿಲ್ಲ. ಕುಡಿದು, ತುಟಿ ತಾಗಿದ ಜಾಗವನ್ನು ಸೆರಗಿನ ತುದಿಯಲ್ಲಿ ಒರೆಸಿದಳು. ಆಮೇಲೆ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಒಂದು ಕಡೆ ಮಾಡಿದವನ ಹೆಬ್ಬೆರಳು ಒತ್ತಿದ ತಗ್ಗು ಇತ್ತು. ಅಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು.

ಕೊನೆಗೆ ಸೆನ್ಸೇ ಪುಡಿಯ ಡಬ್ಬಿಯೊಂದರ ಚೀಲ ತಂದು ಅಮ್ಮನ ಮುಂದೆ ಇಟ್ಟರು. ಮಾಸಿದ ಕೆಂಪು, ಮೇಲೆ ಸಣ್ಣ ಹೂ. ‘ಸರಸ’ ಅಂತ ಆ ಬಟ್ಟೆಯ ಹೆಸರು. ಹದಿನೇಳನೇ ಶತಮಾನದಲ್ಲಿ ನಮ್ಮ ಕೋರಮಂಡಲ ತೀರದಿಂದ ಹಡಗಿನಲ್ಲಿ ಜಪಾನಿಗೆ ಹೋದ ಅಚ್ಚು ಬಟ್ಟೆಗಳಿಗೆ ಚಹದವರು ಮರುಳಾಗಿದ್ದರು. ಅಂಗೈಯಗಲದ ತುಂಡನ್ನೂ ಜೋಪಾನ ಮಾಡಿ ಚೀಲ ಹೊಲಿಸುತ್ತಿದ್ದರು. "ಇದು ನಿಮ್ಮ ಕಡೆಯಿಂದ ಬಂದದ್ದು, ನಿಮಗಿಂತ ಮೊದಲು" ಅಂದರು ಸೆನ್ಸೇ. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಬಟ್ಟೆ ಮುಟ್ಟಿ, ಹೊಲಿಗೆ ಎಣಿಸುವ ಹಾಗೆ ನೋಡಿ, "ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ" ಅಂದಳು.

ಹತ್ತೊಂಬತ್ತನೇ ಶತಮಾನದಲ್ಲಿ ಇಯಿ ನಾವೊಸುಕೆ ಅನ್ನುವ ಒಬ್ಬ ಇದ್ದ. ನಾಗೋಯಾದಿಂದ ದೂರವಿಲ್ಲದ ಹಿಕೊನೆಯ ಪ್ರಭು. ಶೋಗುನ್ ಸರ್ಕಾರದ ಅತಿ ದೊಡ್ಡ ಹುದ್ದೆಯಲ್ಲಿದ್ದ. 1858ರಲ್ಲಿ ಅಮೆರಿಕದ ಜೊತೆ ಒಪ್ಪಂದ ಮಾಡಿದ, ಎದುರಾಡಿದವರನ್ನು ಕಠಿಣವಾಗಿ ತುಳಿದ. 1860ರಲ್ಲಿ ಹಿಮ ಬೀಳುತ್ತಿದ್ದ ಬೆಳಗ್ಗೆ ಎದೊ (ಈಗಿನ ಟೋಕಿಯೊ) ಕೋಟೆಯ ಬಾಗಿಲ ಹತ್ತಿರ ಅವನನ್ನು ಕೊಂದರು. ಅದೇ ಮನುಷ್ಯ ಚಹದ ಬಗ್ಗೆ ಬರೆದಿಟ್ಟದ್ದನ್ನು ಇವತ್ತಿಗೂ ಎಲ್ಲರೂ ನೆನೆಯುತ್ತಾರೆ. ‘ಇಚಿಗೊ ಇಚಿಎ’ ಅನ್ನುವ ಮಾತು ಹೆಸರಾದದ್ದು ಅವನಿಂದ. ಇದೇ ಜನ, ಇದೇ ಕೋಣೆಯಲ್ಲಿ ಮತ್ತೆ ಸೇರಿದರೂ ಇವತ್ತಿನ ಭೇಟಿ ಮತ್ತೆ ಬರುವುದಿಲ್ಲ ಅಂತ. ನನಗೆ ಅದಕ್ಕಿಂತ ಹತ್ತಿರವಾದದ್ದು ಅವನು ಆಮೇಲೆ ಹೇಳುವ ಮಾತು. ಅತಿಥಿಗಳು ಹೊರಟ ಕೂಡಲೇ ಬಾಗಿಲು ದಡದಡ ಮುಚ್ಚಬಾರದು. ಪಾತ್ರೆ ಎತ್ತಲು ಅವಸರ ಮಾಡಬಾರದು. ಅವರು ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತಿರಬೇಕು. ಆಮೇಲೆ ಒಳಗೆ ಬಂದು, ಒಲೆಯ ಮುಂದೆ ಒಬ್ಬರೇ ಕೂರಬೇಕು. ಅವರು ಎಷ್ಟು ದೂರ ಹೋಗಿರಬಹುದು ಅಂತ ನೆನೆಯುತ್ತಾ, ಬೇಕಾದರೆ ತನಗಾಗಿ ಒಂದು ಬಟ್ಟಲು ಚಹ ಮಾಡಿಕೊಂಡು.

ನಾವು ಹೊರಟಾಗ ಐದು ಗಂಟೆ. ನವೆಂಬರ್‌ನಲ್ಲಿ ಅಷ್ಟು ಹೊತ್ತಿಗೆ ಕತ್ತಲಾಗುತ್ತದೆ. ಸೆನ್ಸೇ ಗೇಟಿನವರೆಗೆ ಬಂದರು. ಅವರ ಮನೆಯಿಂದ ಮೂಲೆಯವರೆಗೆ ರಸ್ತೆ ಉದ್ದಕ್ಕಿದೆ. ಸ್ವಲ್ಪ ದೂರ ನಡೆದು ಅಮ್ಮ ತಿರುಗಿ ನೋಡಿದಳು. ಸೆನ್ಸೇ ನಿಂತಿದ್ದರು. ಬಗ್ಗಿ ನಮಸ್ಕಾರ ಮಾಡಿದರು, ನಾವೂ ಮಾಡಿದೆವು. ಇನ್ನಷ್ಟು ದೂರ ಹೋಗಿ ಅಮ್ಮ ಮತ್ತೆ ನೋಡಿದಳು. ಇನ್ನೂ ನಿಂತಿದ್ದರು.

ಊರಲ್ಲಿ ನಾನು ರಜೆ ಮುಗಿಸಿ ಹೊರಡುವಾಗ ಅಮ್ಮ ದಣಪೆಯ ಹತ್ತಿರ ನಿಲ್ಲುತ್ತಾಳೆ. ಬಸ್ಸು ತಿರುವು ದಾಟುವವರೆಗೂ ನಿಂತಿರುತ್ತಾಳೆ. ನಾನು ಕಿಟಕಿಯಿಂದ ಕೈ ಆಡಿಸುತ್ತೇನೆ. ಈ ಕಡೆಯಿಂದ ನೋಡಿದರೆ ಅದು ಹೇಗೆ ಕಾಣುತ್ತದೆ ಅಂತ ಅಮ್ಮನಿಗೆ ಗೊತ್ತಿರಲಿಲ್ಲ.

ಮೂಲೆ ಬಂತು. ಅಮ್ಮ ನಿಂತಳು. ದೂರದಲ್ಲಿ ಗೇಟಿನ ದೀಪದ ಕೆಳಗೆ ಬೂದು ಕಿಮೊನೊ ಸಣ್ಣಗೆ ಕಾಣುತ್ತಿತ್ತು. ಅಮ್ಮ ಕೈ ಎತ್ತಿದಳು. ಆ ರಸ್ತೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡುವುದಿಲ್ಲ. "ಒಳಗೆ ಹೋಗಿ ಅಕ್ಕಾ, ಥಂಡಿ ಇದೆ" ಅಂತ ಕನ್ನಡದಲ್ಲೇ ಕೂಗಿ ಹೇಳಿದಳು.